ಎರಡು ಕೈಗೆ ಎರಡು ಕೋನ: ನನ್ನ ಪ್ಲಾಂಚ್ ನಿಂತದ್ದು ಹೀಗೆ

ಪ್ಲಾಂಚ್ ಎಂದರೆ ಎರಡು ಅಂಗೈ ಮಾತ್ರ ಊರಿ, ತೋಳು ನೆಟ್ಟಗಿಟ್ಟು, ಇಡೀ ಮೈಯನ್ನು ನೆಲಕ್ಕೆ ಸಮಾನಾಂತರವಾಗಿ ಗಾಳಿಯಲ್ಲಿ ಹಿಡಿಯುವ ಕಸರತ್ತು; ಕಾಲು ಅಗಲಿಸಿ ಹಿಡಿದರೆ ಸ್ಟ್ರಾಡಲ್ ಪ್ಲಾಂಚ್. ನೆಲದ ಮೇಲೆ ಅದು ನನಗೆ ಈಗ ಐದಾರು ಸೆಕೆಂಡು ನಿಲ್ಲುತ್ತದೆ. ಮೊಣಕೈ ಮಡಚುವುದಿಲ್ಲ, ಸೊಂಟ ಮೇಲೇಳುವುದಿಲ್ಲ, ಪ್ಯಾರಲೆಟ್ಸ್ (ನೆಲಕ್ಕಿಟ್ಟು ಕೈಯಲ್ಲಿ ಹಿಡಿಯುವ ಗಿಡ್ಡ ಸರಳುಗಳು) ಬೇಕಿಲ್ಲ. ಜಿಮ್ನಾಸ್ಟಿಕ್ಸ್ ಸ್ಪರ್ಧೆಯಲ್ಲಿ ಇಂಥ ಹಿಡಿತ 2 ಸೆಕೆಂಡು ಅಲುಗದೆ ನಿಂತರೆ ಲೆಕ್ಕಕ್ಕೆ ಬರುತ್ತದೆ. ಆ ಲೆಕ್ಕದಲ್ಲಿ ನನ್ನದು ಧಾರಾಳವಾಗಿ ನಿಂತಿದೆ. ನನ್ನ ಎತ್ತರ 5 ಅಡಿ 11 ಇಂಚು, ತೂಕ 75 ಕಿಲೋದ ಆಸುಪಾಸು, ವಯಸ್ಸು ನಲವತ್ತರ ಹೊಸ್ತಿಲಲ್ಲಿದೆ. ಇಷ್ಟು ಉದ್ದದ ದೇಹಕ್ಕೆ ಪ್ಲಾಂಚ್ ಒಗ್ಗುವುದಿಲ್ಲ ಎಂದು ಗೋವಾದ ವಾಸ್ಕೋದ ಬೈನಾ ಕಡಲತೀರದಲ್ಲಿ ಸಂಜೆ ಸೇರುವ ನಮ್ಮ ಹುಡುಗರೆಲ್ಲ ಹೇಳುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ ಅವರು ಒಪ್ಪದೆ ಇದ್ದದ್ದು ನಾನು ಕೈ ಊರುವ ರೀತಿಯನ್ನು. ಬೆರಳು ನೇರ ಮುಂದಿರುವುದನ್ನು ಸೊನ್ನೆ ಎಂದುಕೊಂಡರೆ, ಎಡಗೈ ಸುಮಾರು 35 ಡಿಗ್ರಿ ಹೊರಕ್ಕೆ, ಬಲಗೈ 50ರ ಹತ್ತಿರ. ಎರಡೂ ಕೈ ಒಂದೇ ಥರ ಇರಬೇಕೆಂಬ ಮಾತನ್ನು ನಾನು ಕೈಬಿಟ್ಟ ಮೇಲೆಯೇ ಹಿಡಿತ ನಿಂತದ್ದು.

ಬೆರಳು ನೇರ ಮುಂದಕ್ಕಿಟ್ಟು ಮಾಡಿದವರಿಗೆ ಮಣಿಕಟ್ಟಿನ ಸಂಕಟ ಗೊತ್ತಿದೆ. ತೋಳು ನೆಟ್ಟಗಿದ್ದಾಗಲೇ ಮಣಿಕಟ್ಟು 90 ಡಿಗ್ರಿ ಬಾಗಿರುತ್ತದೆ. ಪ್ಲಾಂಚ್‌ಗೆ ಹೆಗಲು ಕೈಗಿಂತ ಬಹಳ ಮುಂದೆ ಹೋಗಬೇಕು. ಕಾಲು ಉದ್ದವಿದ್ದಷ್ಟೂ ಇನ್ನೂ ಮುಂದೆ. ಆ ಹೆಚ್ಚಿನ ಬಾಗುವಿಕೆ ಪೂರ್ತಿ ಮಣಿಕಟ್ಟಿನ ಮೇಲೆಯೇ ಬೀಳುತ್ತದೆ. ನನಗೆ ಟಕ್ ಹಂತ (ಮಂಡಿಯನ್ನು ಎದೆಗೆ ಮಡಚಿ ಹಿಡಿಯುವ ಮೊದಲ ಹಂತ) ದಾಟುವಷ್ಟರಲ್ಲಿ ಬಲ ಮಣಿಕಟ್ಟಿನ ಮೇಲ್ಭಾಗದಲ್ಲಿ ಚುಚ್ಚಿದಂಥ ನೋವು ಶುರುವಾಗಿ, ಬೆಳಿಗ್ಗೆ ಬಕೆಟ್ ಎತ್ತುವುದೂ ಕಷ್ಟವಾಯಿತು. ಫಿಸಿಯೋಥೆರಪಿಗೆ ಒಂದು ಸಲಕ್ಕೆ 600 ರೂಪಾಯಿಯಂತೆ ಏಳೆಂಟು ಸಲ ಹೋದೆ. ನೋವು ಕಡಿಮೆಯಾಯಿತು, ಪ್ಲಾಂಚ್‌ಗೆ ಮರಳಿದ ವಾರದಲ್ಲೇ ತಿರುಗಿ ಬಂತು.

ಆಮೇಲೆ ಬೆರಳುಗಳನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ನೋಡಿದೆ, ಮಯೂರಾಸನದಲ್ಲಿ ಇಡುವ ಹಾಗೆ. ಮಣಿಕಟ್ಟಿಗೆ ಅದರಷ್ಟು ಸುಖ ಇನ್ನೊಂದಿಲ್ಲ, ಏಕೆಂದರೆ ಮುಂದೆ ಬಾಗಿದಷ್ಟೂ ಕೋನ ಬಿಚ್ಚಿಕೊಳ್ಳುತ್ತದೆ. ಆದರೆ ಮಯೂರಾಸನದಲ್ಲಿ ಮೊಣಕೈ ಹೊಟ್ಟೆಗೆ ಆನಿಕೊಂಡಿರುತ್ತದೆ, ಭಾರ ಅಲ್ಲಿ ಕೂರುತ್ತದೆ. ತೋಳು ನೇರವಿರುವ ಪ್ಲಾಂಚ್‌ನಲ್ಲಿ ಅದೇ ಕೈ ಇಟ್ಟರೆ ಎಲ್ಲ ಎಳೆತ ಮೊಣಕೈ ಒಳಮಗ್ಗುಲಿನ ಬೈಸೆಪ್ಸ್ ಸ್ನಾಯುರಜ್ಜುವಿಗೆ ಹೋಗುತ್ತದೆ. ಎರಡು ತಿಂಗಳಷ್ಟರಲ್ಲಿ ಅದು ಬಿಗಿದು, ಸ್ಪ್ಯಾನರ್ ತಿರುಗಿಸುವಾಗ ಸಹ ನೋಯತೊಡಗಿತು. ಹಡಗು ರಿಪೇರಿಯಲ್ಲಿ ಫಿಟ್ಟರ್ ಆಗಿರುವವನಿಗೆ ಮೊಣಕೈ ಹೋದರೆ ಊಟವೇ ಹೋದ ಹಾಗೆ, ಹಾಗಾಗಿ ಆ ದಾರಿಯನ್ನು ಅಲ್ಲಿಗೇ ಮುಚ್ಚಿದೆ.

ದುಡ್ಡು ಹೋದ ಬಗೆಯನ್ನೂ ಬರೆಯಬೇಕು. ಆನ್‌ಲೈನ್‌ನಲ್ಲಿ ತರಿಸಿದ ಉಕ್ಕಿನ ಪ್ಯಾರಲೆಟ್ಸ್‌ಗೆ 2,200 ರೂಪಾಯಿ ಆಯಿತು. ಬೆಸುಗೆ ಓರೆಯಾಗಿದ್ದು ಒಂದು ಕಾಲು ನೆಲಕ್ಕೆ ಕೂರುತ್ತಲೇ ಇರಲಿಲ್ಲ. ಮಣಿಕಟ್ಟಿನ ಪಟ್ಟಿಗಳಿಗೆ 700, ಮೂರು ತಿಂಗಳ ತರಬೇತಿ ಯೋಜನೆಯೊಂದಕ್ಕೆ 9,000 ತೆತ್ತೆ. ಆ ಯೋಜನೆಯಲ್ಲಿ ಸೆಟ್ಟುಗಳ ಪಟ್ಟಿ ಉದ್ದಕ್ಕಿತ್ತು, ಕೈ ಎಲ್ಲಿಡಬೇಕೆಂಬುದಕ್ಕೆ ಒಂದೇ ಸಾಲು: ‘ಹೆಗಲಗಲ, ಬೆರಳು ಮುಂದಕ್ಕೆ’. ಜಿಮ್ ಶುಲ್ಕ ಬೇರೆ. ಎಲ್ಲ ಸೇರಿ 25-30 ಸಾವಿರ ದಾಟಿರಬೇಕು. ಕೊನೆಗೆ ಕೆಲಸಕ್ಕೆ ಬಂದದ್ದು ಕೈ ಇಡುವ ಕೋನಗಳನ್ನು ನಾನೇ ಗೆರೆ ಕೊರೆದ ಒಂದು ಹಲಗೆ; ಅದಕ್ಕೆ ಖರ್ಚಾದದ್ದು ಇನ್ನೂರು ರೂಪಾಯಿಯೂ ಇಲ್ಲ.

ದಾರಿ ತೋರಿದ್ದು ಬೈನಾದ ಹಸಿ ಮರಳು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಇಳಿತ ದೊಡ್ಡದಾಗಿ, ನೀರು ಆಗಷ್ಟೇ ಬಿಟ್ಟುಹೋದ ಮರಳು ಅಗಲವಾಗಿ, ಗಟ್ಟಿಯಾಗಿ ಸಿಗುತ್ತದೆ. ಅದರ ಮೇಲೆ ಎರಡೂ ಕೈ 45 ಡಿಗ್ರಿ ಹೊರಕ್ಕೆ ತಿರುಗಿಸಿ ಟಕ್ ಹಿಡಿದು, ನಾಲ್ಕೈದು ಸೆಕೆಂಡಿಗೆ ಇಳಿದು, ಕೈ ಎತ್ತಿ ಅಚ್ಚು ನೋಡಿದೆ. ಎಡಗೈ ಅಚ್ಚಿನಲ್ಲಿ ಹೆಬ್ಬೆರಳ ಬುಡ ಆಳವಾಗಿ ಒತ್ತಿ ನೀರು ತುಂಬಿಕೊಂಡಿತ್ತು, ಕಿರುಬೆರಳ ಕಡೆ ಗೆರೆಗಳು ಸಹ ಮೂಡಿರಲಿಲ್ಲ. ಬಲಗೈಯಲ್ಲಿ ಇದಕ್ಕೆ ತದ್ವಿರುದ್ಧ: ಕಿರುಬೆರಳಿನ ಕೆಳಗಿನ ಅಂಚು ಕುಸಿದಿತ್ತು, ಹೆಬ್ಬೆರಳು ಬರೀ ತಾಗಿ ಬಿಟ್ಟಿತ್ತು. ಮರುದಿನ ವರ್ನಿಯರ್ ಕ್ಯಾಲಿಪರ್ ತಂದು ಅದರ ಹಿಂದಿನ ಕಡ್ಡಿಯನ್ನು ಅಚ್ಚಿನೊಳಕ್ಕೆ ಇಳಿಬಿಟ್ಟು ಅಳೆದೆ. ಆಳದ ಕಡೆ 9-10 ಮಿಲಿಮೀಟರ್, ತೆಳುವಿನ ಕಡೆ 3-4. ಎರಡು ಕೈ ಒಂದೇ ಕೋನದಲ್ಲಿ ಇದ್ದರೂ ಭಾರ ಹೊರುವ ಜಾಗ ಬೇರೆ ಬೇರೆ. ಹದಿನೈದು ವರ್ಷ ಸ್ಪ್ಯಾನರ್ ಹಿಡಿದ ಬಲ ಮುಂಗೈ ಎಡದಷ್ಟು ಸಲೀಸಾಗಿ ಹೊರಳುವುದಿಲ್ಲ. ಕಾರಣ ಅದೇ ಎಂದು ನನ್ನ ನಂಬಿಕೆ.

ಕೆಲಸ ಆಮೇಲೆ ಸುಲಭವಾಯಿತು. ಕೈಯನ್ನು ಹೊರಕ್ಕೆ ತಿರುಗಿಸಿದಷ್ಟೂ ಮುಂದೆ ಬಾಗಿದ ಭಾರ ಹೆಬ್ಬೆರಳು, ತೋರುಬೆರಳಿನ ಕಡೆ ಸರಿಯುತ್ತದೆ. ಒಳಕ್ಕೆ ತಂದರೆ ಅಲ್ಲಿಂದ ಬಿಡುತ್ತದೆ. ಹಾಗಾಗಿ ಎಡಗೈಯನ್ನು ಒಳಕ್ಕೆ ತರುತ್ತ, ಬಲಗೈಯನ್ನು ಹೊರಕ್ಕೆ ತಿರುಗಿಸುತ್ತ, ಐದೈದು ಡಿಗ್ರಿಯಂತೆ ಬದಲಿಸಿ ಅಚ್ಚು ನೋಡುತ್ತ ಹೋದೆ. ಎರಡೂ ಅಚ್ಚುಗಳ ಆಳ ಸಮವಾದ ಜಾಗವೇ ನಾನು ಮೇಲೆ ಹೇಳಿದ ಎರಡು ಅಂಕಿಗಳು. ನಿಮ್ಮ ಕೈಗೆ ಅದು ಬೇರೆಯೇ ಬರಬಹುದು. ನನ್ನ ಅಂಕಿ ಎರವಲು ತೆಗೆದುಕೊಳ್ಳಬೇಡಿ, ಮರಳಿಗೆ ಹೋಗಿ.

ಒಣ ಮರಳು ಮಾತ್ರ ಬೇಡ. ಅಂಗೈ ಬುಡ ಹೂತು, ಮಣಿಕಟ್ಟು ಇನ್ನಷ್ಟು ಮಡಚುತ್ತದೆ. ದಪ್ಪ ಯೋಗ ಮ್ಯಾಟ್‌ನದೂ ಇದೇ ತೊಂದರೆ; ಅದರ ಮೇಲೆ ಪ್ಲಾಂಚ್ ಎಂದರೆ ಕೆಸರಿನಲ್ಲಿ ಜಾಕ್ ಇಟ್ಟು ಲಾರಿ ಎತ್ತಿದ ಹಾಗೆ.

ಮರಳಿನಲ್ಲಿ ಸಿಕ್ಕ ಕೋನಗಳನ್ನು ಹಲಗೆಗೆ ಇಳಿಸಲು, ಯಾರ್ಡ್‌ನಲ್ಲಿ ಬಿದ್ದಿದ್ದ ಮರೈನ್ ಪ್ಲೈವುಡ್ ತುಂಡನ್ನು ಕೇಳಿ ತಂದೆ. ಬೆವೆಲ್ ಪ್ರೊಟ್ರಾಕ್ಟರ್‌ನಿಂದ ಕೋನ ಹಿಡಿದು, ಸ್ಕ್ರೈಬರ್‌ನಿಂದ ಗೆರೆ ಕೊರೆದೆ. ಅಡಿಗೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಅಂಟಿಸಿದೆ, ಇಲ್ಲದಿದ್ದರೆ ಟೈಲ್ಸ್ ಮೇಲೆ ಹಲಗೆ ಜಾರುತ್ತದೆ. ಪಾಲಿಶ್ ಹಾಕಲಿಲ್ಲ. ಗೋವಾದ ಮಳೆಗಾಲದಲ್ಲಿ ನೆಲವೇ ಬೆವರುತ್ತದೆ, ಹಿಡಿತಕ್ಕೆ ಕೈಗೆ ಹಚ್ಚುವ ಮೆಗ್ನೀಸಿಯಂ ಕಾರ್ಬೊನೇಟ್ ಪುಡಿ ಕೈಯಲ್ಲೇ ಹಿಟ್ಟಾಗುತ್ತದೆ. ಒರಟು ಮರ ಆ ಬೆವರನ್ನು ಹೀರುತ್ತದೆ. ಮರಳುಕಾಗದ ಅಂಟಿಸಿ ನೋಡಿದ್ದೆ, ಅಂಗೈ ಚರ್ಮ ಎದ್ದುಬಂತು. ಇಲ್ಲಿ ಮನೆ ಕಟ್ಟುವ ಕೆಂಪು ಜಂಬಿಟ್ಟಿಗೆಯನ್ನು ಜೋಡಿಸಿ ಪ್ಯಾರಲೆಟ್ಸ್‌ನಂತೆ ಬಳಸಿದ್ದೂ ಉಂಟು. ಎಲ್-ಸಿಟ್‌ಗೆ (ಕೈ ಊರಿ ಮೈ ಎತ್ತಿ, ಕಾಲು ನೇರ ಮುಂದೆ ಚಾಚಿ ಹಿಡಿಯುವುದು) ಅದು ಬಹಳ ಚೆನ್ನಾಗಿದೆ, ಆಗ ಒಂದು ಕಲ್ಲಿಗೆ ನಲವತ್ತೋ ಐವತ್ತೋ ರೂಪಾಯಿ ಇತ್ತು. ಪ್ಲಾಂಚ್‌ಗೆ ಅದರ ಅಂಚು ಅಂಗೈ ಕೊರೆಯುತ್ತದೆ.

ಗೆರೆಗಳ ವಿಚಾರದಲ್ಲಿ ಒಂದು ಸೂಕ್ಷ್ಮವಿದೆ. ಸಮ ಇರಬೇಕಾದದ್ದು ಅಂಗೈಗಳ ಬುಡ, ಬೆರಳ ತುದಿಗಳಲ್ಲ. ಎರಡು ಕೋನಗಳಲ್ಲಿ ಕೈ ಇಟ್ಟಾಗ ಬೆರಳ ತುದಿಗಳು ಹಿಂದುಮುಂದಾಗಿ ಕಾಣುತ್ತವೆ, ನೋಡಿದವರು ಕೈಯೇ ಹಿಂದಿದೆ ಎಂದುಕೊಳ್ಳುತ್ತಾರೆ. ಗದಗದ ಕಡೆಯ ಒಬ್ಬ ವಸ್ತಾದ ಕಾಕಾ ಸಂಜೆ ತೀರದಲ್ಲಿ ಕೂರುತ್ತಾರೆ, ಒಂದು ಕಾಲದಲ್ಲಿ ಗರಡಿಯಲ್ಲಿ ಹುಡುಗರಿಗೆ ಸಾಮು ಕಲಿಸಿದವರು. ಅವರು ತಡೆದರು: “ತಮ್ಮಾ, ದಂಡ ಹೊಡೆಯುವವನ ಕೈ ಒಂದೇ ಗೆರೆಯಲ್ಲಿರಬೇಕು. ಇದೇನು, ಒಂದು ಈ ಕಡೆ ಒಂದು ಆ ಕಡೆ? ಮೈ ತಿರುಚಿಕೊಳ್ಳುತ್ತದೆ.”

“ಕಾಕಾ, ಗೆರೆಯನ್ನು ಮಣಿಕಟ್ಟಿನ ಹತ್ತಿರ ಹಿಡಿದು ನೋಡಿ” ಎಂದೆ.

ಅವರು ಹೆಗಲ ಮೇಲಿನ ಟವೆಲನ್ನು ಮಡಚಿ ಬಿಗಿಯಾಗಿ ಎಳೆದು ನನ್ನ ಎರಡೂ ಅಂಗೈಗಳ ಹಿಂದೆ ಇಟ್ಟರು. ಎರಡೂ ತಾಗಿದವು. ನಾನು ಕಾಲು ಎತ್ತಿ ಸ್ಟ್ರಾಡಲ್ ಬಿಚ್ಚಿದೆ. ಅವರು ಬಾಗಿ ಸೊಂಟ ತಿರುಚಿದೆಯೇ ಎಂದು ಹಿಂದಿನಿಂದ ನೋಡಿ, “ಇನ್ನೊಮ್ಮೆ ಮಾಡು” ಎಂದರು. ಇನ್ನೊಮ್ಮೆಯೂ ನಿಂತಿತು. ಮರುವಾರ ಅವರೇ ಹುಡುಗರ ಕೈ ಅಚ್ಚು ನೋಡುತ್ತ ಓಡಾಡುತ್ತಿದ್ದರು.

ಬೆರಳುಗಳ ಕೆಲಸ ಬಹಳ ಜನ ಕಡೆಗಣಿಸುತ್ತಾರೆ. ಅಂಗೈ ಪೂರ್ತಿ ಚಪ್ಪಟೆ ಇಟ್ಟರೆ ಮುಂದಕ್ಕೆ ಮುಗ್ಗರಿಸುವುದನ್ನು ತಡೆಯುವವರಿಲ್ಲ. ಬೆರಳ ನಡುಗೆಣ್ಣು ಮೇಲೆದ್ದು, ತುದಿಗಳು ಮರವನ್ನು ಗೀರುವಂತೆ ಒತ್ತಬೇಕು. ಫೋಟೊ ತೆಗೆಸಿ ನೋಡಿ: ಉಗುರಿನ ಮುಂಭಾಗ ಬೆಳ್ಳಗಾಗಿರಬೇಕು. ಹೊರಕ್ಕೆ ತಿರುಗಿದ ಕೈಯಲ್ಲಿ ಮುಂದಿನ ತಡೆ ಮುಖ್ಯವಾಗಿ ಹೆಬ್ಬೆರಳು ಮತ್ತು ತೋರುಬೆರಳಿನದು, ಆದ್ದರಿಂದ ಆ ಎರಡಕ್ಕೆ ಬೇರೆಯಾಗಿ ಕಸರತ್ತು ಕೊಟ್ಟೆ. ಅಕ್ಕಿ ತುಂಬಿದ ಡಬ್ಬಿಯೊಳಗೆ ಕೈ ಹಾಕಿ ಬಿಚ್ಚಿ ಮುಚ್ಚುವುದು, ದಿನಕ್ಕೆ ಐದು ನಿಮಿಷ.

ಎರಡು ಅಂಗೈಗಳ ನಡುವಿನ ಅಂತರವನ್ನು ನಾನು ಹೇಗೆ ಅಳೆದೆ, ಭಾರ ಹಗುರ ಮಾಡುವ ರಬ್ಬರ್ ಬ್ಯಾಂಡನ್ನು ದೇಹದ ಯಾವ ಜಾಗಕ್ಕೆ ಕಟ್ಟಿ ಸ್ಟ್ರಾಡಲ್ ಕಲಿತೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹತ್ತಿರ ಸಂಜೆ ಬರುವ ನಾಲ್ಕೈದು ಹುಡುಗರಿಗೆ. ‘ಹೆಗಲಗಲ’ ಎಂಬ ಅಳತೆ ನನಗೆ ಸರಿಹೋಗಲಿಲ್ಲ ಎಂದಷ್ಟು ಹೇಳಬಲ್ಲೆ.

ಈ ಮಧ್ಯೆ ರಿಂಗ್ಸ್ (ಮೇಲಿನಿಂದ ತೂಗುಬಿಟ್ಟ ಜೋಡಿ ಬಳೆಗಳು) ಮೇಲೂ ಕೈ ಹಾಕಿದ್ದೇನೆ. 1956 ಮತ್ತು 1960ರ ಒಲಿಂಪಿಕ್ಸ್‌ಗಳಲ್ಲಿ ರಿಂಗ್ಸ್ ಚಿನ್ನ ಗೆದ್ದ ಆಲ್ಬರ್ಟ್ ಅಜರ್ಯಾನ್ ಅವರ ಕ್ರಾಸ್ ಹಿಡಿತದ (ತೋಳುಗಳನ್ನು ಎರಡು ಬದಿಗೆ ನೇರ ಚಾಚಿ ತೂಗುವುದು) ಹಳೆಯ ಚಿತ್ರ ನೋಡಿದಾಗಿನಿಂದ ಆ ಆಸೆ ಇತ್ತು. ರಿಂಗ್ಸ್ ತಾವೇ ತಿರುಗುವುದರಿಂದ ಪ್ರತಿ ಕೈ ತನಗೆ ಬೇಕಾದ ಕೋನ ಹುಡುಕಿಕೊಳ್ಳುತ್ತದೆ. ನನ್ನ ಬಲ ರಿಂಗು ಎಡಕ್ಕಿಂತ ಹೆಚ್ಚು ಹೊರಕ್ಕೆ ತಿರುಗಿ ನಿಂತದ್ದನ್ನು ವಿಡಿಯೊದಲ್ಲಿ ಕಂಡು ಬಹಳ ಸಂತೋಷವಾಯಿತು. ಟಕ್ ಹಂತ ಮೂರು ಸೆಕೆಂಡಿನವರೆಗೆ ಬಂದಿದೆ.

ಈ ವಿಧಾನ ಹಿಡಿಯುವವರು ಮೊಣಕೈ ಬಗ್ಗೆ ಎಚ್ಚರವಾಗಿರಿ. ಕೈ ಹೊರಕ್ಕೆ ತಿರುಗಿದಷ್ಟೂ ಬೈಸೆಪ್ಸ್ ಮೇಲೆ ಎಳೆತ ಹೆಚ್ಚು, ನನ್ನಲ್ಲಿ ಬಲಗೈಗೆ ಅದು ಎಡಕ್ಕಿಂತ ಜಾಸ್ತಿ. ವಾರಕ್ಕೆ ಮೂರು ದಿನಕ್ಕಿಂತ ಹೆಚ್ಚು ಮಾಡುವುದಿಲ್ಲ, ಹಗುರ ಡಂಬ್ಬೆಲ್‌ನಿಂದ ನಿಧಾನವಾಗಿ ಇಳಿಸುವ ಕರ್ಲ್ ಬಿಡುವುದಿಲ್ಲ. ಹಲಗೆಯನ್ನು ಮಳೆಗಾಲದಲ್ಲಿ ಗೋಡೆಗೆ ಒರಗಿಸಿಡಿ, ನೆಲಕ್ಕೆ ಮಲಗಿಸಿದರೆ ಬೂಷ್ಟು ಹಿಡಿಯುತ್ತದೆ.