ಗೊಲ್ಲರಹಟ್ಟಿ ಮೇಲೆ ಪಿಎಚ್‌ಡಿ: ನಾನು ಹೆಂಗೆ ಮಾಡ್ದೆ

ನಮ್ಮೂರು ಚಳ್ಳಕೆರೆ. ಹಂಪಿ ಕನ್ನಡ ಯೂನಿವರ್ಸಿಟೀಲಿ ಮಹಿಳಾ ಅಧ್ಯಯನಕ್ಕೆ ಸೇರಿದ್ದೆ, ಟಾಪಿಕ್ ಮಾತ್ರ ನಮ್ಮ ತಾಲ್ಲೂಕಿಂದೇ ತಗೊಂಡೆ: ಕುರಿ-ದನ ಸಾಕೋ ಕಾಡುಗೊಲ್ಲರು ಊರಿಂದ ಬೇರೆಯಾಗಿ ಗುಂಪಾಗಿರೋ ಹಟ್ಟೀಲಿ ಮುಟ್ಟಾದ ಹೆಂಗಸ್ರನ್ನ ಹೊರಗಿಡೋ ಪದ್ಧತಿ. ಬುಡಕಟ್ಟು ಅಧ್ಯಯನಕ್ಕೆ ಅಲ್ಲೇ ಬೇರೆ ವಿಭಾಗ ಐತೆ, ನನ್ನ ಟಾಪಿಕ್ಕು ಎರಡರ ನಡುವೆ ಸಿಗಾಕೊಂಡಿತ್ತು.

ಹಟ್ಟಿಗೆ ಹೋಗೋದೇನು ಕಷ್ಟ ಇಲ್ಲ. ಹಟ್ಟಿ ಸುತ್ತ ಇರೋ ಕಳ್ಳೆಬೇಲಿ, ಅಂದ್ರೆ ಮುಳ್ಳಿನ ಬೇಲಿ ಹತ್ರ ಚಪ್ಪಲಿ ಬಿಡ್ಬೇಕು, ದೊಡ್ಡೋರಿಗೆ ಯಾರ ಮಗಳು ಅಂತ ಹೇಳ್ಬೇಕು, ಅಷ್ಟೇ. ಆದ್ರೆ ಕೈಯಲ್ಲಿ ನೋಟ್‌ಬುಕ್ ಕಂಡ್ರೆ ಸಾಕು ಗಂಡಸ್ರು ಸುತ್ತ ಸೇರ್ಕೊಂಡು "ಎಸ್‌ಟಿ ಸರ್ವೇನಾ ಮೇಡಮ್ಮು?" ಅಂತಾರೆ. ಹಿಂದುಳಿದ ವರ್ಗಗಳ ಪಟ್ಟೀಲಿ ಪ್ರವರ್ಗ-1ರಲ್ಲಿರೋ ಜನ, ಎಸ್‌ಟಿಗೆ ಸೇರಿಸಿ ಅಂತ ಕೇಳ್ತಾ ಎಷ್ಟೋ ವರ್ಷ ಆಯ್ತು. ಪಕ್ಕದಲ್ಲೇ ಇರೋ ಇನ್ನೊಂದು ಸಮುದಾಯ ಮ್ಯಾಸಬೇಡರಿಗೆ ಸಿಕ್ಕೈತೆ, ನಮಗ್ಯಾಕಿಲ್ಲ ಅನ್ನೋದು ನ್ಯಾಯವಾದ ಪ್ರಶ್ನೇನೆ. ಎಸ್‌ಟಿ ಅನ್ನಿಸ್ಕೊಳ್ಳೋಕೆ ಇವತ್ತಿಗೂ ನೋಡೋದು 1965ರ ಲೋಕೂರ್ ಸಮಿತಿ ಹೇಳಿದ ಲಕ್ಷಣಗಳನ್ನೇ, ಆದಿಮ ಗುಣ, ಬೇರೆಯದೇ ಸಂಸ್ಕೃತಿ, ಒಂಟಿಯಾಗಿ ದೂರ ಇರೋದು, ಹೊರಗಿನವ್ರ ಜೊತೆ ಬೆರೆಯೋಕೆ ಹಿಂಜರಿಕೆ, ಹಿಂದುಳಿದಿರೋದು. ಹಂಗಾಗಿ ತಮ್ಮ ದೇವರು ಕ್ಯಾತೇದೇವರ ಜಾತ್ರೇಲಿ ಬರಿಗಾಲಲ್ಲಿ ಕಳ್ಳೆ ಹತ್ತೋದನ್ನೂ ಬರ್ಕೊಳ್ಳಿ, ಹೊರಗೆ ಕೂರೋದನ್ನೂ ಬರ್ಕೊಳ್ಳಿ ಅಂತ ಅವರೇ ಹೇಳ್ತಾರೆ. ಆದ್ರೆ 2017ರ ಮೌಢ್ಯ ನಿಷೇಧ ಕಾಯ್ದೆ ಪ್ರಕಾರ ಮುಟ್ಟಾದವ್ರನ್ನ, ಬಸುರೀರನ್ನ ಹಿಂಗೆ ಹೊರಗಿಡೋದು ಅಪರಾಧ. ಒಂದೇ ಪದ್ಧತಿ, ಒಂದು ಫೈಲಲ್ಲಿ ಸರ್ಟಿಫಿಕೇಟು, ಇನ್ನೊಂದ್ರಲ್ಲಿ ಕೇಸು! ನನ್ನ ಥೀಸಿಸ್ಸು ನಿಂತಿದ್ದು ಇದ್ರ ಮೇಲೇ.

ಗಂಡಸ್ರು ಇರೋವಾಗ ಹೆಂಗಸ್ರನ್ನ ಕೇಳಿದ್ರೆ "ದೇವ್ರಿಗೆ ಆಗಲ್ಲ ಕಣವ್ವ" ಅಂತ ಮುಗಿಸಿಬಿಡ್ತಾರೆ. ಅದಕ್ಕೆ ಯಾಕೆ ಅಂತ ಕೇಳೋದನ್ನೇ ಬಿಟ್ಟು ಶೇಂಗಾ ಬಿಡಿಸೋ ಕಡೆ ಹೋಗಿ ಜೊತೆಗೆ ಕೂತ್ಕೊಂಡು ಬರೀ ಕೆಲ್ಸದ ಬಗ್ಗೆ ಮಾತಾಡೋಕೆ ಶುರು ಮಾಡ್ದೆ, ಆ ದಿನಗಳಲ್ಲಿ ನೀರು ಯಾರು ತರ್ತಾರೆ, ಕುರಿಮರಿ ಯಾರು ನೋಡ್ಕೊಂತಾರೆ, ಮೊಬೈಲ್ ಎಲ್ಲಿ ಚಾರ್ಜ್ ಹಾಕ್ತೀರ, ಹಿಂಗೆ. ಆಗ ಒಬ್ಬಾಕೆ ಕೈಯಾಗಿನ ಶೇಂಗಾ ಬಿಡಿಸ್ತಾನೇ ಅಂದ್ಲು: "ಹೊರಗಾದ್ರೂ ಕೂಲಿಗೆ ಬರ್ತೀವಲ್ಲ, ದುಡ್ಡಿಗೆ ಮೈಲಿಗೆ ಇಲ್ಲ." ನಾನು ಓದಿದ್ದ ಎಷ್ಟೋ ಥಿಯರಿಗಿಂತ ಇದು ನೆಟ್ಟಗಿತ್ತು.

ಅದೇ ಹಟ್ಟೀಲಿ ಸರ್ಕಾರದಿಂದ ಹೆಂಗಸ್ರಿಗೆ ಅಂತ ಕಟ್ಟಿಸಿದ್ದ ಕೋಣೆ ಒಂದಿತ್ತು. ಬಾಗಿಲು ತೆಗೆಸಿ ನೋಡಿದ್ರೆ ಸೂರಿನ ತನಕ ಮೇವು, ನಲ್ಲಿ ಐತೆ ಪೈಪ್ ಇಲ್ಲ. ಕೋಣೆ ಚೆನ್ನಾಗಿ ಕಟ್ಟಿದ್ರೆ ಪದ್ಧತೀನೇ ಗಟ್ಟಿಯಾಗುತ್ತೆ ಅನ್ನೋರಿದಾರೆ, ನಂಗೂ ಹಂಗೇ ಅನ್ಸುತ್ತೆ. ಆದ್ರೆ ಇವತ್ತು ರಾತ್ರಿ ಮಳೇಲಿ ಮಲಗೋಳಿಗೆ ಆ ಮಾತು ಹೇಳೋದು ಹೆಂಗೆ?

ಪ್ರಾಕ್ಟಿಕಲ್ ವಿಷ್ಯ ಒಂದೆರಡು. ಓಡಾಟಕ್ಕೆ 2023ರ ಜೂನಲ್ಲಿ ಬಂದ ಶಕ್ತಿ ಯೋಜನೆ ಉಳಿಸ್ತು, ಪ್ರೈವೇಟ್ ಬಸ್ಸಿಗೆ ಕಾಸು ಕೊಡ್ಲೇಬೇಕು. ಯುಜಿಸಿ ನೆಟ್ ಪರೀಕ್ಷೇಲಿ ಮಹಿಳಾ ಅಧ್ಯಯನ ಬೇರೆ ಸಬ್ಜೆಕ್ಟಾಗೇ ಐತೆ, ಮೊದ್ಲೇ ಪರೀಕ್ಷೆ ಬರ್ದುಬಿಡಿ. ಹಟ್ಟಿ ಹೆಸರು, ಹೆಂಗಸ್ರ ಹೆಸರು ಎಲ್ಲಾ ಬದಲಾಯಿಸಿ, ಕಾಯ್ದೆ ಇರೋದ್ರಿಂದ ನಿಮ್ಮ ಥೀಸಿಸ್ಸು ಯಾರ ಮೇಲೋ ಸಾಕ್ಷಿ ಆಗ್ಬಾರ್ದು.

ಥೀಸಿಸ್ ಮುಗಿದ್ಮೇಲೆ ಎಸ್‌ಟಿ ಹೋರಾಟದವ್ರು ಜೆರಾಕ್ಸ್ ಕೇಳಿದ್ರು. ಹೆಂಗಸ್ರನ್ನ ಕೇಳ್ದೆ, ನಮ್ಮ ಮಾತಿರೋದು ಕೊಡಬ್ಯಾಡ ಅಂದ್ರು. ಜಾತ್ರೆ, ದೇವರಿಗೆ ಬಿಟ್ಟ ಎತ್ತು, ಹಾಡೋ ಪದಗಳ ಅಧ್ಯಾಯ ಮಾತ್ರ ಕೊಟ್ಟೆ. ಗಂಡಸ್ರಿಗೆ ಸಿಟ್ಟು ಬಂತು, ಇನ್ನೂ ಐತೆ.