ಕತ್ತಲೆಯ ಲೆಕ್ಕ ವೃಷಣಕ್ಕೆ ತಲುಪುವುದು ಹೇಗೆ?

ಸೈಬೀರಿಯಾದ ಹ್ಯಾಮ್‌ಸ್ಟರ್ ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಪ್ರಾಣಿ. ಹಗಲು ಜಾಸ್ತಿ ಇರುವ ಕಾಲದಲ್ಲಿ ಹುಟ್ಟಿದ ಗಂಡುಮರಿ ಕೆಲವೇ ವಾರಗಳಲ್ಲಿ ಪ್ರಾಯಕ್ಕೆ ಬರುತ್ತದೆ. ಹಗಲು ಮೊಟಕಾದ ಮೇಲೆ ಹುಟ್ಟಿದ್ದು ತಿಂಗಳುಗಟ್ಟಲೆ ಮರಿಯಾಗಿಯೇ ಉಳಿಯುತ್ತದೆ. ಈ ವ್ಯತ್ಯಾಸಕ್ಕೆ ಕಾರಣ ಮೆಲಟೋನಿನ್ ಎಂಬ ಹಾರ್ಮೋನ್. ಅದು ಕೆಲಸ ಮಾಡುವ ಬಗೆ ಹೀಗಿದೆ.

ಹೆಜ್ಜೆ 1: ರಾತ್ರಿಯಾದಾಗ ಮಿದುಳಿನ ಪೀನಿಯಲ್ ಗ್ರಂಥಿ ಮೆಲಟೋನಿನ್ ಅನ್ನು ರಕ್ತಕ್ಕೆ ಬಿಡುತ್ತದೆ. ಬೆಳಗಾದರೆ ಬಂದ್. ರಾತ್ರಿಯಿಡೀ ಓಡಾಡುವ ಇಲಿಯಲ್ಲೂ ಇದು ಬರುವುದು ರಾತ್ರಿಯೇ. ಹಾಗಾಗಿ ಸುಮ್ನೆ ‘ನಿದ್ದೆಯ ಹಾರ್ಮೋನ್’ ಅಂದರೆ ಪೂರ್ತಿ ಸರಿಯಾಗದು, ಅಲ್ವಾ?

ಹೆಜ್ಜೆ 2: ಮೆಲಟೋನಿನ್ ಎಷ್ಟು ಹೊತ್ತು ಇತ್ತು ಎಂಬುದನ್ನು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಮೇಲ್ಭಾಗ ಗಮನಿಸುತ್ತದೆ. ಇಡೀ ಆಟ ಇರುವುದು ಇಲ್ಲೇ. ಹ್ಯಾಮ್‌ಸ್ಟರ್‌ಗೆ ಸಂಜೆ ಹೊತ್ತಿಗೆ ದಿನವೂ ಮೆಲಟೋನಿನ್ ಚುಚ್ಚಿದರೆ ವೃಷಣ ಕುಗ್ಗುತ್ತದೆ. ಅಷ್ಟನ್ನೇ ಬೆಳಿಗ್ಗೆ ಚುಚ್ಚಿದರೆ ಏನೂ ಆಗದು. ಸಂಜೆ ಕೊಟ್ಟದ್ದು ರಾತ್ರಿ ತಾನಾಗಿ ಬರುವುದರ ಜೊತೆ ಸೇರಿ, ರಾತ್ರಿ ಉದ್ದವಾಯಿತು ಎಂದು ದೇಹವನ್ನು ನಂಬಿಸುತ್ತದೆ. 1965ರಲ್ಲಿ ಹಾಫ್‌ಮನ್ ಮತ್ತು ರೈಟರ್ ಹ್ಯಾಮ್‌ಸ್ಟರ್‌ಗಳ ಪೀನಿಯಲ್ ಗ್ರಂಥಿ ತೆಗೆದು ನೋಡಿದರು. ಆಮೇಲೆ ಎಷ್ಟು ಕತ್ತಲಲ್ಲಿಟ್ಟರೂ ವೃಷಣ ಕುಗ್ಗಲಿಲ್ಲ.

ಹೆಜ್ಜೆ 3: ರಾತ್ರಿ ಉದ್ದವಾದರೆ ಪಿಟ್ಯುಟರಿಯ ಮೇಲಿರುವ ಮಿದುಳಿನ ಭಾಗವಾದ ಹೈಪೋಥಲಾಮಸ್‌ನಲ್ಲಿ ಥೈರಾಯ್ಡ್ ಹಾರ್ಮೋನಿನ ಚುರುಕು ರೂಪ ಕಡಿಮೆಯಾಗುತ್ತದೆ. ಅದರಿಂದ ಪಿಟ್ಯುಟರಿಗೆ ಆದೇಶ ಕೊಡುವ ಹಾರ್ಮೋನ್ ಜಿಎನ್‌ಆರ್‌ಎಚ್ ತಗ್ಗುತ್ತದೆ, ಹಿಂದೆಯೇ ವೃಷಣವನ್ನು ಕೆಲಸಕ್ಕೆ ಹಚ್ಚುವ ಪಿಟ್ಯುಟರಿ ಹಾರ್ಮೋನುಗಳಾದ ಎಲ್‌ಎಚ್, ಎಫ್‌ಎಸ್‌ಎಚ್ ಕೂಡ. ಎಲ್‌ಎಚ್ ಇಲ್ಲದೆ ವೃಷಣದಲ್ಲಿ ಗಂಡು ಹಾರ್ಮೋನ್ ಟೆಸ್ಟೋಸ್ಟಿರೋನ್ ಸರಿಯಾಗಿ ತಯಾರಾಗುವುದಿಲ್ಲ. ಪ್ರಾಯ ಮುಂದಕ್ಕೆ ಹೋಗುತ್ತದೆ. ಪ್ರಯೋಗಾಲಯದ ಮರಿ ಇಲಿಗಳಿಗೆ ಮೆಲಟೋನಿನ್ ಕೊಟ್ಟಾಗಲೂ ಹೀಗೇ ತಡವಾಗುತ್ತದೆ. ಆದರೆ ಅದೇ ಇಲಿ ದೊಡ್ಡದಾದ ಮೇಲೆ ಅಷ್ಟಾಗಿ ಕ್ಯಾರೇ ಅನ್ನುವುದಿಲ್ಲ.

ಹಾಗಾದರೆ ಮೆಲಟೋನಿನ್ ಅಂದರೆ ಬರೀ ತಡೆಯೇ? ಅಲ್ಲ. ಟಗರನ್ನು ನೋಡಿ. ಚಳಿ ದೇಶದ ಕುರಿಗಳು ಹಗಲು ಮೊಟಕಾಗುವಾಗ ಬೆದೆಗೆ ಬರುತ್ತವೆ, ಐದು ತಿಂಗಳ ಗಬ್ಬ ಮುಗಿದು ವಸಂತದಲ್ಲಿ ಮರಿ ಹಾಕುತ್ತವೆ. ಟಗರಿನ ಹಾರ್ಮೋನುಗಳೂ ಅದೇ ಕಾಲಕ್ಕೆ ಏರುತ್ತವೆ. ಹೊತ್ತಿಗೆ ಮುಂಚೆ ಟಗರನ್ನು ಸಿದ್ಧಮಾಡಬೇಕಾದ ಸಾಕಣೆದಾರರು ಅದರ ಕಿವಿಯ ಬುಡದಲ್ಲಿ ಚರ್ಮದಡಿ 18 ಮಿಲಿಗ್ರಾಂನ ಮೂರು ಮೆಲಟೋನಿನ್ ಗುಳಿಗೆ ಇಡಿಸುತ್ತಾರೆ. ಹ್ಯಾಮ್‌ಸ್ಟರ್‌ಗೆ ‘ಈಗ ಬೇಡ’ ಎನ್ನುವ ಸುದ್ದಿಯೇ ಟಗರಿಗೆ ‘ಈಗಲೇ’ ಅನ್ನಿಸುತ್ತದೆ. ನಮ್ಮ ಬನ್ನೂರು ಕಡೆ ಅತಿ ಉದ್ದದ ಹಗಲಿಗೂ ಅತಿ ಮೊಟಕಿನ ಹಗಲಿಗೂ ಇರುವ ಅಂತರ ಹೆಚ್ಚೆಂದರೆ ಒಂದೂವರೆ ಗಂಟೆ. ಇಲ್ಲಿನ ಕುರಿಗಳಿಗೆ ಕತ್ತಲೆಗಿಂತ ಮಳೆ, ಮೇವಿನ ಲೆಕ್ಕವೇ ದೊಡ್ಡದು.