ಕಾರ್ ಶೆಡ್ಡಿನ ಕಪಾಟಿಗೆ ಯಾವ ಫಿಟ್ಟಿಂಗ್? ನನ್ನ ಅನುಭವ

ದಾವಣಗೆರೆಯ ವಿದ್ಯಾನಗರದ ಬಾಡಿಗೆ ಮನೆ ಬಿಡುವ ದಿನ ನಾನೇ ಮಾಡಿದ ಕಪಾಟು ನನ್ನ ಕಣ್ಣೆದುರೇ ಕಿತ್ತು ಬಂತು. ನಾಲ್ಕು ಜನ ಹಿಡಿದು ಲಗೇಜ್ ಆಟೋಗೆ ಎತ್ತುತ್ತಿದ್ದೆವು. ಕೆಳಗಿನ ಮೂಲೆ ಕರ್ ಅಂತ ಸದ್ದು ಮಾಡಿತು, ಪಕ್ಕದ ಹಲಗೆ ಬಿಟ್ಟುಕೊಂಡಿತು. ನೋಡಿದರೆ ಸ್ಕ್ರೂಗಳು ನೆಟ್ಟಗೇ ಇವೆ, ಒಂದೂ ಬಾಗಿಲ್ಲ. ಆದರೆ ಅವುಗಳ ಸುತ್ತ ಪಾರ್ಟಿಕಲ್ ಬೋರ್ಡಿನ (ಮರದ ಚೂರು ಒತ್ತಿ ಮಾಡಿದ ಹಲಗೆ) ಪುಡಿ ಅಂಟಿಕೊಂಡು ಬಂದಿತ್ತು. ಸ್ಕ್ರೂ ಸೋತಿರಲಿಲ್ಲ, ಅದು ಹಿಡಿದುಕೊಂಡಿದ್ದ ಬೋರ್ಡ್ ಸೋತಿತ್ತು. ವಾರಕ್ಕೊಮ್ಮೆ ಶೆಡ್ ತೊಳೆದ ನೀರು ಕೆಳಗಿನ ಅಂಚಿಗೆ ಇಳಿದು ಆಗಲೇ ಊದಿತ್ತು. ಅದೇ ತೂತಿಗೆ ಮತ್ತೆ ಸ್ಕ್ರೂ ಹಾಕಿದರೆ ಸುಮ್ನೆ ತಿರುಗುತ್ತಿತ್ತು, ಹಿಡಿಯುತ್ತಿರಲಿಲ್ಲ.

ಹೊಸ ಮನೆ ಕುಂದುವಾಡ ಕೆರೆ ಕಡೆ. ಅದೂ ಬಾಡಿಗೆಯೇ. ಮುಂದೆ ಮತ್ತೆ ಬಿಡಬೇಕಾಗುತ್ತೆ ಅಂತ ಗೊತ್ತಿತ್ತು. ಹಾಗಾಗಿ ಈ ಸಲ ಬಿಚ್ಚಿ ಜೋಡಿಸುವಂಥ ಕಪಾಟೇ ಮಾಡಬೇಕು ಅಂತ ತೀರ್ಮಾನಿಸಿದೆ. ಆರು ಅಡಿ ಎತ್ತರ, ಮೂರು ಅಡಿ ಅಗಲ, ಹದಿನಾರು ಇಂಚು ಆಳದ ಎರಡು ಕಪಾಟು. ಒಳಗೆ ಹೋಗುವ ಸಾಮಾನು ಹಗುರದ್ದಲ್ಲ: ಜಾಕ್, ಹಳೇ ಬ್ಯಾಟರಿ, ಟೂಲ್ ಬಾಕ್ಸ್, 20 ಲೀಟರಿನ ಪೇಂಟ್ ಬಕೆಟ್. ಆ ಒಂದು ಬಕೆಟ್ಟೇ ಪೂರ್ತಿ ತುಂಬಿದ್ದರೆ 25 ಕೆಜಿಗಿಂತ ಜಾಸ್ತಿ ತೂಗುತ್ತೆ.

ಮಂಡಿಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಚ್ಚಿ ಜೋಡಿಸುವ ಫಿಟ್ಟಿಂಗ್ ಕೇಳಿದೆ. ಮೊದಲು ಕೈಗೆ ಬಂದಿದ್ದು ಮಿನಿಫಿಕ್ಸ್. ಒಂದು ಹಲಗೆಗೆ ಸಣ್ಣ ಬೋಲ್ಟ್ ಕೂರುತ್ತೆ, ಇನ್ನೊಂದರಲ್ಲಿ 15 ಮಿ.ಮೀ. ಅಗಲದ ದುಂಡನೆ ಕ್ಯಾಮ್. ಸ್ಕ್ರೂಡ್ರೈವರಿನಲ್ಲಿ ಅರ್ಧ ಸುತ್ತು ತಿರುಗಿಸಿದರೆ ಕ್ಯಾಮ್ ಆ ಬೋಲ್ಟಿನ ತಲೆಯನ್ನು ಹಿಡಿದು ಎಳೆದುಕೊಳ್ಳುತ್ತೆ. ಹೊರಗಡೆ ಏನೂ ಕಾಣಲ್ಲ, ನೋಡೋಕೆ ಚೆಂದ. ಅದರ ಜೊತೆಗೆ ನೇರವಾಗಿ ಮರಕ್ಕೇ ಕೂರುವ ದಪ್ಪನೆ ಕನ್ಫರ್ಮಾಟ್ ಸ್ಕ್ರೂ, ಮೂಲೆಗೆ ಹಾಕುವ ಎಲ್ ಆಕಾರದ ಎಲ್ ಕ್ಲಾಂಪ್, ಬ್ಯಾರಲ್ ನಟ್, ಎಲ್ಲವನ್ನೂ ನಾಲ್ಕು ನಾಲ್ಕು ತಗೊಂಡು ಬಂದೆ. ಇದು ನಾನು ಮಾಡಿದ ಒಳ್ಳೇ ಕೆಲಸ. ಪೂರ್ತಿ ಸೆಟ್ ಕೊಳ್ಳುವ ಮೊದಲು ನಾಲ್ಕು ನಾಲ್ಕೇ ತಂದು ತುಂಡು ಪ್ಲೈವುಡ್ ಮೇಲೆ ಹಾಕಿ ನೋಡಿ.

ಮಿನಿಫಿಕ್ಸ್ ನನ್ನ ಕೈಗೆ ಕೂರಲಿಲ್ಲ. 18 ಮಿ.ಮೀ. ಹಲಗೆಯಲ್ಲಿ ಕ್ಯಾಮ್ ತೂತು ಸುಮಾರು 13.5 ಮಿ.ಮೀ. ಆಳ ಹೋಗಬೇಕು. ಉಳಿಯೋದು ನಾಲ್ಕೂವರೆ. ಅಂಗಡಿಯಲ್ಲಿ 18 ಅಂತ ಕೊಟ್ಟ ಪ್ಲೈ ಅಳೆದರೆ 17.3 ಇತ್ತು, ಅಲ್ಲಿಗೆ ಇನ್ನೂ ಕಮ್ಮಿ. ನನ್ನ ಡ್ರಿಲ್ ಬಿಟ್ಟಿನ ನಡುವಿನ ಮೊನೆ ಉದ್ದ ಇತ್ತು, ಎರಡನೇ ತೂತಿನಲ್ಲೇ ಆಚೆ ಕಡೆಯಿಂದ ಇಣುಕಿತು. ಅದಕ್ಕಿಂತ ದೊಡ್ಡ ತೊಂದರೆ, ಬೋಲ್ಟ್ ಕ್ಯಾಮಿಗೆ ತಲುಪೋಕೆ ಹಲಗೆಯ ಅಂಚಿನಲ್ಲಿ ಕೊರೆಯುವ ತೂತಿನದು. ಪ್ಲೈವುಡ್ ಅಂಚಿನಲ್ಲಿ ಪದರ ಪದರ ಇರುತ್ತೆ ಅಲ್ವಾ, ಡ್ರಿಲ್ ಬಿಟ್ ಗಟ್ಟಿ ಪದರ ಬಿಟ್ಟು ಮೆತ್ತಗಿನ ಪದರದ ಕಡೆ ಜಾರುತ್ತೆ. ಒಂದು ಮಿ.ಮೀ. ಜಾರಿದರೂ ಬೋಲ್ಟಿನ ತಲೆ ಕ್ಯಾಮಿನ ಬಾಯಿಗೆ ಸರಿಯಾಗಿ ಸಿಗಲ್ಲ. ಫ್ಯಾಕ್ಟರಿಯಲ್ಲಿ ಮೆಷಿನ್ನೇ ಅಳತೆ ಹಿಡಿದು ಎಲ್ಲ ತೂತನ್ನೂ ಕೊರೆಯುತ್ತೆ, ಅಲ್ಲಿಗೆ ಅದು ಬಹಳ ಒಳ್ಳೇ ಫಿಟ್ಟಿಂಗ್. ಕೈ ಡ್ರಿಲ್ ಹಿಡಿದು ಶೆಡ್ಡಿನಲ್ಲಿ ಕೂತವರಿಗೆ ಅಲ್ಲ.

ಕನ್ಫರ್ಮಾಟ್ ಬಹಳ ಸುಲಭ. ಎರಡೂ ಹಲಗೆ ಜೋಡಿಸಿ ಕ್ಲಾಂಪ್ ಹಾಕಿ ಹೊರಗಿನಿಂದ ಒಟ್ಟಿಗೇ ಕೊರೆದರೆ ಆಯ್ತು. 7x50 ಸ್ಕ್ರೂಗೆ (7 ಮಿ.ಮೀ. ದಪ್ಪ, 50 ಉದ್ದ) ಹೊರ ಹಲಗೆಯಲ್ಲಿ 7 ಮಿ.ಮೀ., ಒಳಗಿನ ಅಂಚಿನಲ್ಲಿ 5 ಮಿ.ಮೀ. ತೂತು. ಅದಕ್ಕಂತಲೇ ಮೆಟ್ಟಿಲು ಇರುವ ಬಿಟ್ ಸಿಗುತ್ತೆ, ಒಂದೇ ಏಟಿಗೆ ಎರಡೂ ಅಳತೆ ಕೊರೆಯುತ್ತೆ. ಹಿಡಿತವೂ ಜೋರು. ನಾನು ಹಳೇ ಪಾರ್ಟಿಕಲ್ ಬೋರ್ಡಿನ ತುಂಡಿಗೂ ಹೊಸ ಪ್ಲೈಗೂ ಹಾಕಿ ಹತ್ತತ್ತು ಸಲ ಬಿಚ್ಚಿ ಬಿಗಿ ಮಾಡಿದೆ. ಬೋರ್ಡಿನಲ್ಲಿ ಆರನೇ ಸಲಕ್ಕೆ ಕೈಗೆ ಸಡಿಲ ಅನ್ನಿಸಿತು. ಪ್ಲೈ ತಡೆದುಕೊಂಡಿತು, ಆದರೆ ಮೊದಲಿನ ಬಿಗಿ ಇರಲಿಲ್ಲ. ಯಾಕೆ ಅಂದರೆ ಅದರ ಥ್ರೆಡ್ ಕೂರೋದು ಮರದಲ್ಲಿ. ಎಲ್ ಕ್ಲಾಂಪಿನದೂ ಅದೇ ಕತೆ, ಅದಕ್ಕೆ ಇನ್ನೂ ಗಿಡ್ಡ ಸ್ಕ್ರೂ.

ಪಕ್ಕದ ಮನೆಗೆ ಬಾಗಿಲು ಕೂರಿಸೋಕೆ ಬಂದಿದ್ದ ಹಿರಿಯ ಮೇಸ್ತ್ರಿ ಒಬ್ಬರು ನನ್ನ ತುಂಡುಗಳನ್ನು ತಿರುಗಿಸಿ ನೋಡಿದರು. "ಸಾರ್, ಇದನ್ನ ಎಷ್ಟ್ ಸಲ ಬಿಚ್ತೀರಿ?" ಅಂತ ಕೇಳಿದರು.

"ಗೊತ್ತಿಲ್ಲಣ್ಣ. ಮನೆ ಬಿಟ್ಟಾಗೆಲ್ಲ ಬಿಚ್ಚಬೇಕು."

"ಹಂಗಾದ್ರೆ ಕಬ್ಬಿಣಕ್ಕೆ ಕಬ್ಬಿಣನೇ ಕೂರ್ಬೇಕು. ಮರಕ್ಕೆ ಕಬ್ಬಿಣ ಕೂತ್ರೆ ಒಂದಿನ ಮರ ಸೋಲ್ತೈತೆ."

ಎತ್ತುವಾಗ ಕಿತ್ತು ಬಂದ ಕಪಾಟು ನೆನಪಾಯಿತು. ಅಲ್ಲೂ ಆಗಿದ್ದು ಅದೇ. ಬ್ಯಾರಲ್ ನಟ್ಟೇ ಹಾಕೋದು ಅಂತ ತೀರ್ಮಾನಿಸಿದ್ದು ಆಗಲೇ.

ಬ್ಯಾರಲ್ ನಟ್ ಅಂದರೆ 10 ಮಿ.ಮೀ. ದಪ್ಪದ ಪುಟ್ಟ ಕಬ್ಬಿಣದ ಉರುಳೆ, ಅದರ ಹೊಟ್ಟೆಯಲ್ಲಿ ಅಡ್ಡಕ್ಕೆ ಎಂ6, ಅಂದರೆ 6 ಮಿ.ಮೀ. ಬೋಲ್ಟಿನ ಥ್ರೆಡ್. ಮಲಗಿದ ಹಲಗೆಯ ಮೇಲ್ಮೈಯಲ್ಲಿ ತೂತು ಕೊರೆದು ಇದನ್ನು ಇಳಿಸಬೇಕು. ಪಕ್ಕದ ಹಲಗೆಯ ಹೊರಗಿನಿಂದ ಬೋಲ್ಟ್ ಬಂದು, ಅಂಚಿನ ತೂತಿನಲ್ಲಿ ನುಗ್ಗಿ, ಇದರ ಹೊಟ್ಟೆಗೆ ಸಿಗುತ್ತೆ. ಬೋಲ್ಟಿನ ತಲೆ ಹೊರಗೆ ಕಾಣುತ್ತೆ ನಿಜ, ಶೆಡ್ಡಿನಲ್ಲಿ ಅದರಿಂದ ಏನೂ ತೊಂದರೆ ಇಲ್ಲ.

ನಾನು ಹಿಡಿದ ಲೆಕ್ಕ ಹೀಗೆ. ಬೋಲ್ಟ್ 60 ಮಿ.ಮೀ. ಉದ್ದ. ಅದರಲ್ಲಿ 18 ಪಕ್ಕದ ಹಲಗೆಗೆ ಹೋಯ್ತು, ಉಳಿದಿದ್ದು 42. ನಟ್‌ನ ನಡು ಅಂಚಿನಿಂದ 35 ಮಿ.ಮೀ. ದೂರ ಇಟ್ಟರೆ ಅದು 30ರಿಂದ 40ರವರೆಗೆ ಕೂರುತ್ತೆ, ಬೋಲ್ಟ್ ಪೂರ್ತಿ ದಾಟಿ ಎರಡು ಮಿ.ಮೀ. ಮುಂದೆ ಬರುತ್ತೆ. ಅಂಚಿನ ತೂತು 7 ಮಿ.ಮೀ. ಅಗಲ, 48 ಆಳ. ಬೋಲ್ಟು 6 ಆದರೂ ತೂತು 7 ಮಾಡಿದ್ದು ಸ್ವಲ್ಪ ಆಚೀಚೆ ಆದರೂ ಹೊಂದಿಕೊಳ್ಳಲಿ ಅಂತ. ಆಳದಲ್ಲಿ ಮಾತ್ರ ಜಿಪುಣತನ ಮಾಡಬೇಡಿ. ನಾನು ಮೊದಲ ಎರಡು ತೂತನ್ನು 40ಕ್ಕೇ ನಿಲ್ಲಿಸಿದ್ದೆ. ಬೋಲ್ಟಿನ ತುದಿ ಮರಕ್ಕೆ ತಾಗಿ ನಿಂತಿತು. ಬೋಲ್ಟ್ ತಿರುಗಿಸುವ ಆರು ಮೂಲೆಯ ಅಲೆನ್ ಕೀಗೆ ಬಿಗಿ ಆದಂತೆ ಅನ್ನಿಸಿತು, ಕಪಾಟು ಮಾತ್ರ ಅಲ್ಲಾಡುತ್ತಲೇ ಇತ್ತು. ಬಿಚ್ಚಿ ನೋಡಿದ ಮೇಲೇ ಗೊತ್ತಾಗಿದ್ದು.

ಇನ್ನು ನಟ್‌ನ ತೂತು. ನಾನು ತಂದ ನಟ್ 12 ಮಿ.ಮೀ. ಉದ್ದ, ಥ್ರೆಡ್ ಅದರ ನಟ್ಟನಡುವೆ, ಅಂದರೆ 6ಕ್ಕೆ. ಹಲಗೆಯ ನಡು 9ಕ್ಕೆ. ಎರಡೂ ಸೇರಿ 15 ಆಳ ಕೊರೆದೆ. ಡ್ರಿಲ್ ಬಿಟ್ಟಿಗೆ 15ರ ಗುರುತಿಗೆ ಟೇಪ್ ಸುತ್ತಿಕೊಂಡರೆ ಸಾಕು. ನಟ್ ತಲೆ ಮೇಲೆ ಒಂದು ಗೀರು ಇರುತ್ತೆ. ಥ್ರೆಡ್ ಯಾವ ಕಡೆ ಮುಖ ಮಾಡಿದೆ ಅಂತ ಆ ಗೀರು ಹೇಳುತ್ತೆ. ಸ್ಕ್ರೂಡ್ರೈವರಿನಿಂದ ಅದನ್ನು ಅಂಚಿನ ಕಡೆ ತಿರುಗಿಸಿಟ್ಟು, ಬೋಲ್ಟನ್ನು ಬೆರಳಲ್ಲೇ ಮೆಲ್ಲಗೆ ತಿರುಗಿಸಿದರೆ ಟಕ್ ಅಂತ ಸಿಗುತ್ತೆ. ಸಿಗದಿದ್ದರೆ ಬಲ ಹಾಕಬೇಡಿ, ಗೀರು ಒಂಚೂರು ತಿರುಗಿಸಿ ಮತ್ತೆ ನೋಡಿ.

ಅಂಚಿನ ತೂತು ಜಾರದಂತೆ ಒಂದು ಜಿಗ್, ಅಂದರೆ ಡ್ರಿಲ್ಲಿಗೆ ದಾರಿ ಹಿಡಿಸುವ ಅಚ್ಚು, ಮಾಡಿಕೊಂಡೆ. ಲೇತ್ ಅಂಗಡಿಯಲ್ಲಿ 7 ಮಿ.ಮೀ. ತೂತಿನ ಒಂದು ಕಬ್ಬಿಣದ ಬುಶ್ (ಗಿಡ್ಡ ಕೊಳವೆ) ಮಾಡಿಸಿದೆ. ಅದನ್ನು ಗಟ್ಟಿ ಮರದ ತುಂಡಿಗೆ ಬಡಿದು ಕೂರಿಸಿ, ಪಕ್ಕಕ್ಕೆ ಒಂದು ಪಟ್ಟಿ ಹೊಡೆದೆ. ಪಟ್ಟಿಯಿಂದ ಬುಶ್ ನಡುವಿಗೆ ಸರಿಯಾಗಿ 9. ಪಟ್ಟಿಯನ್ನು ಯಾವಾಗಲೂ ನಟ್ ಇಳಿಯುವ ಮೇಲ್ಮೈಗೇ ಒತ್ತಬೇಕು. ಹಾಗೆ ಮಾಡಿದರೆ ಪ್ಲೈ 17.3 ಇದ್ದರೂ ತೂತಿಗೆ ತೂತು ಸಿಗುತ್ತೆ. ಇಡೀ ಕೆಲಸದಲ್ಲಿ ನನಗೆ ತುಂಬಾ ಖುಷಿ ಕೊಟ್ಟಿದ್ದು ಆ ಅಂಗೈಯಗಲದ ಜಿಗ್.

ಪ್ರತಿ ಕಪಾಟಿಗೆ ಮೇಲೆ, ಕೆಳಗೆ, ನಡುವೆ ಮೂರು ಗಟ್ಟಿ ಹಲಗೆ. ಒಂದೊಂದು ತುದಿಗೆ ಎರಡು ಬೋಲ್ಟ್, ಒಟ್ಟು ಹನ್ನೆರಡು. ಎರಡು ಬೋಲ್ಟ್‌ಗಳ ನಡುವೆ ಒಂದು 8 ಮಿ.ಮೀ. ಮರದ ಡವೆಲ್, ಅಂದರೆ ಪುಟ್ಟ ಗೂಟ. ಇದನ್ನು ಬಿಡಬೇಡಿ. ಬೋಲ್ಟ್ ಹಲಗೆಗಳನ್ನು ಎಳೆದು ಹಿಡಿಯುತ್ತೆ, ಆದರೆ ಅದರ ಸುತ್ತ ಅರ್ಧರ್ಧ ಮಿ.ಮೀ. ಜಾಗ ಇದೆ. ಭಾರ ಬಿದ್ದಾಗ ಹಲಗೆ ಕೆಳಗೆ ಜಾರದಂತೆ ಹೊರೋದು ಡವೆಲ್. ಫೆವಿಕಾಲನ್ನು ಅಂಚಿನ ಕಡೆ ಮಾತ್ರ ಹಾಕಿದೆ, ಇನ್ನೊಂದು ಕಡೆ ಡವೆಲ್ ಫೆವಿಕಾಲ್ ಇಲ್ಲದೆಯೇ ಕೂರುತ್ತೆ. ಉಳಿದ ಅಡ್ಡ ಹಲಗೆಗಳು 5 ಮಿ.ಮೀ. ಪಿನ್ ಮೇಲೆ ಕೂತಿವೆ. ಹಿಂದೆ 6 ಮಿ.ಮೀ. ಪ್ಲೈ. ಅದನ್ನು ಹೊಡೆಯುವ ಮೊದಲು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಎರಡೂ ಕಡೆ ಅಳೆದೆ, ಸಮ ಬಂದ ಮೇಲೇ ಸ್ಕ್ರೂ ಹಾಕಿದ್ದು. ಕಪಾಟು ಪಕ್ಕಕ್ಕೆ ವಾಲದಂತೆ ತಡೆಯೋದು ಈ ಹಿಂದಿನ ಹಲಗೆ. ಅದಿಲ್ಲದೆ ಎಂಥ ಬೋಲ್ಟ್ ಹಾಕಿದರೂ ಅಲ್ಲಾಡುತ್ತೆ.

ನೀರಿಗೆ ಸಿಗದಿರಲಿ ಅಂತ ನಾಲ್ಕಿಂಚಿನ ಪ್ಲಾಸ್ಟಿಕ್ ಕಾಲು ಹಾಕಿದೆ. ತಿರುಗಿಸಿ ಎತ್ತರ ಹೊಂದಿಸಬಹುದು, ಇಳಿಜಾರು ನೆಲಕ್ಕೆ ಅದು ಬೇಕೇ ಬೇಕು. ಬೋಲ್ಟಿನ ತಲೆ ಪ್ಲೈಗೆ ಇಳಿಯದಂತೆ ಒಂದೊಂದು ವಾಷರ್, ಥ್ರೆಡ್ಡಿಗೆ ತುಕ್ಕು ಹಿಡಿಯದಂತೆ ಚೂರು ಗ್ರೀಸ್. ತಿಂಗಳಾದ ಮೇಲೆ ಒಂದು ಸಲ ಬಿಗಿ ಮಾಡಿದೆ, ಎಲ್ಲ ಬೋಲ್ಟೂ ಕಾಲು ಸುತ್ತು ತಗೊಂಡವು. ನಮ್ಮ ಊರಿನ ಬೇಸಿಗೆಗೆ ಮರ ಒಣಗುತ್ತೆ, ಹಾಗಾಗಿ ಏಪ್ರಿಲ್‌ನಲ್ಲಿ ಮತ್ತೊಮ್ಮೆ ನೋಡ್ತೀನಿ.

ಮನೆ ಓನರ್ ಶೆಡ್ಡಿಗೆ ಟೈಲ್ಸ್ ಹಾಕಿಸಿದಾಗ ಮೊದಲ ಸಲ ಬಿಚ್ಚುವ ಪ್ರಸಂಗ ಬಂತು. ನನ್ನ ಮಗಳು ಪೆನ್ಸಿಲ್ ಹಿಡಿದು ಪ್ರತಿ ಸಂದಿಯ ಎರಡೂ ಕಡೆ ಒಂದೇ ನಂಬರ್ ಬರೆದಳು. "ಅಪ್ಪಾ, ಏಳಕ್ಕೆ ಏಳು, ಎಂಟಕ್ಕೆ ಎಂಟು, ಮರೀಬೇಡ" ಅಂದಳು. ಒಂದು ಗಂಟೆಯೊಳಗೆ ಎರಡೂ ಕಪಾಟು ಹಲಗೆಗಳಾಗಿ ವರಾಂಡದ ಗೋಡೆಗೆ ಒರಗಿದ್ದವು. ಟೈಲ್ಸ್ ಒಣಗಿದ ಮೇಲೆ ಅದೇ ನಂಬರ್ ನೋಡಿ ಜೋಡಿಸಿದೆ. ಇಪ್ಪತ್ತನಾಲ್ಕು ಬೋಲ್ಟೂ ಮೊದಲ ದಿನದಷ್ಟೇ ಬಿಗಿಯಾಗಿ ಕೂತವು. ಅಲೆನ್ ಕೀ ಮತ್ತು ಮಿಕ್ಕಿದ ನಾಲ್ಕು ನಟ್ಟನ್ನು ಸಣ್ಣ ಚೀಲದಲ್ಲಿ ಹಾಕಿ ಬಾಗಿಲ ಒಳಗಡೆ ನೇತುಹಾಕಿದ್ದೇನೆ.